ಅಳತೆ ಕೇಳಿದ ಅಕ್ಕೋರು

ಅಂದು ಮಧ್ಯಾಹ್ನ ಒಂದೂವರೆಗೆ ನಮ್ಮಣ್ಣ ನೆಲದಡಿಯ ಹಗೇವಿನ ಬಾಯಿಗೆ ಕಲ್ಲುಚಪ್ಪಡಿ ಎಳೆದ. ನಾನು ಒಳಗಿದ್ದೆ. ಆ ಚಪ್ಪಡಿ ಮತ್ತೆ ಸರಿದು ಕತ್ತಲೊಳಗೆ ಬೆಳಕಿನ ಗೀರೊಂದು ಬಿದ್ದಾಗ ನನಗೆ ಮೊದಲು ಕಂಡದ್ದು ಒಂದು ಕೈ. ಉಗುರಿನ ತುಂಬ ಹಸಿ ಎರೆಮಣ್ಣು, ತೋರುಬೆರಳಿನಿಂದ ಇಳಿಯುತ್ತಿದ್ದ ರಕ್ತ, ಬಳೆಯಿಲ್ಲದ ಮಣಿಕಟ್ಟು, ಅದರ ಒಳಬದಿಗೆ ಮುಖ ತಿರುಗಿಸಿ ಕಟ್ಟಿದ ಗಂಡಸರ ವಾಚು. ಆ ವಾಚನ್ನು ನಮ್ಮೂರಿನಲ್ಲಿ ಗುರುತಿಸದವರಿರಲಿಲ್ಲ. ಅದು ನಮ್ಮ ಅಕ್ಕೋರದು.

ಸಾಲಿಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಇವರು ಆಳಂದದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮಾದನಹಿಪ್ಪರಗಾ ಕಡೆಯ ಬಸ್ಸಿಗೆ ಕೂತು ನಮ್ಮೂರ ದಾರಿಯಲ್ಲಿ ಇಳಿದು, ಅಲ್ಲಿಂದ ಜೋಳದ ಹೊಲಗಳ ನಡುವೆ ನಡೆದು ಬರುವುದು. ಬಿಸಿಲಿರಲಿ, ಮೋಡವಿರಲಿ, ಕೈಯಲ್ಲಿ ಮರದ ಹಿಡಿಕೆಯ ಕರಿ ಕೊಡೆ. ಸಣ್ಣ ಆಳು, ದೊಡ್ಡ ದನಿ. ತಾಯಿಯ ತವರು ಸೊಲ್ಲಾಪುರದ ಕಡೆ ಇದ್ದುದರಿಂದ ಸಿಟ್ಟು ಬಂದಾಗ ಮರಾಠಿ ನುಗ್ಗುತ್ತಿತ್ತು, ಸಿಟ್ಟು ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ನಾಯಿಗಳಿಗೆ ವಿಪರೀತ ಹೆದರುತ್ತಿದ್ದರು. ಊರ ಗೌಡರು ಸಾಲಿಗೆ ಬಂದರೂ ಕುರ್ಚಿಯಿಂದ ಏಳದ ಹೆಂಗಸು, ಬಾಗಿಲಲ್ಲಿ ಬಡಕಲು ನಾಯಿಯೊಂದು ಇಣುಕಿದರೆ ಬೆಂಚಿನ ಮೇಲೆ ಹತ್ತಿ ನಿಲ್ಲುತ್ತಿದ್ದರು. ನಾವು ನಗುತ್ತಿದ್ದೆವು. 'ನಗ್ರಿ, ನಗ್ರಿ. ಮೊದಲ ಅದನ್ನ ಹೊರಗ ಹಾಕ್ರಿ' ಎನ್ನುತ್ತಿದ್ದರು.

ಅವರಿಗೆ ಏನೇ ಹೇಳಿ, ಮೊದಲು ಬರುವ ಮಾತು 'ಎಷ್ಟು?' ಎಂಬುದೇ. ಜ್ವರ ಬಂದಿತ್ತು ಎಂದರೆ, ಎಷ್ಟು? ಊರ ಹೊರಗೆ ಭಾಳ ದೊಡ್ಡ ಹಾವು ನೋಡಿದೆ ಎಂದರೆ, 'ಭಾಳ ಅಂದ್ರ ಎಷ್ಟಲೇ? ನಿನ್ನ ಕೈಯಷ್ಟೋ, ಈ ಬೆಂಚಿನಷ್ಟೋ? ಅಳದವ್ರು ಯಾರು?' ಅಷ್ಟು ಕೇಳುವಷ್ಟರಲ್ಲಿ ಹಾವು ಹಗ್ಗದ ಚೂರಾಗಿರುತ್ತಿತ್ತು. ಹುಡುಗರು ಬೆನ್ನ ಹಿಂದೆ ಅವರನ್ನು ಎಷ್ಟಕ್ಕೋರು ಎಂದು ಕರೆಯುತ್ತಿದ್ದರು. ಅವರಿಗದು ಗೊತ್ತಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತೆಂದು ಕಾಣುತ್ತದೆ. ನನಗೂ, ನನಗಿಂತ ಮೊದಲು ನಮ್ಮಣ್ಣನಿಗೂ ಅಕ್ಷರ ಕಲಿಸಿದವರು ಅವರೇ.

ನಾನು ಗುಲಬರ್ಗಾದಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಂಕ್ರಾಂತಿಗೆಂದು ಊರಿಗೆ ಬಂದಾಗ ಊರಿನ ಬಾಯಲ್ಲಿ ಒಂದೇ ಮಾತು. ಗುಡ್ಡದಷ್ಟು ದೊಡ್ಡ ಕಲ್ಲೊಂದು ಆಕಾಶದಲ್ಲಿ ಭೂಮಿಯ ಹತ್ತಿರದಿಂದ ಹಾದುಹೋಗುತ್ತದೆ ಎಂದು ರೇಡಿಯೋದಲ್ಲಿ ಬಂದಿತ್ತಂತೆ. ರೇಡಿಯೋ ಹೇಳಿದ್ದು ಹಾದುಹೋಗುತ್ತದೆ ಎಂದು. ಚಂದ್ರನಿಗಿಂತಲೂ ಆಚೆಯಿಂದ ಎಂದು. ಆದರೆ ಬಸ್ಸಿನಲ್ಲಿ ಊರೂರು ದಾಟಿ ನಮ್ಮೂರಿನ ಕಟ್ಟೆಗೆ ಬಂದು ಇಳಿಯುವಷ್ಟರಲ್ಲಿ ಆ ಕಲ್ಲು ಬೀಳುವ ಕಲ್ಲಾಗಿತ್ತು. ದಿನವೂ ಗೊತ್ತು, ಹೊತ್ತೂ ಗೊತ್ತು: ಮಧ್ಯಾಹ್ನ ಮೂರು ಗಂಟೆ.

'ಅಫಜಲಪುರದ ಮಂದಿ ದನಾ ಕರಾ ಹೊಡಕೊಂಡು ಭೀಮಾ ನದಿ ದಂಡಿಗಿ ಹೊಂಟಾರಂತ.'

'ನೀರಾಗ ಬಿದ್ರ ಏನ್ ಮಾಡ್ತಾರೋ ಮಾರಾಯಾ?'

'ಜೇವರ್ಗಿಯವ್ರು ಶ್ಯಾಣ್ಯಾರು ನೋಡು. ಇದ್ದ ಬೆಲ್ಲಾ ತುಪ್ಪಾ ಎಲ್ಲಾ ಹೋಳಿಗಿ ಮಾಡಿ ಉಣ್ಣಾಕತ್ತಾರಂತ. ಸತ್ರ ಹೊಟ್ಟಿ ತುಂಬಿ ಸಾಯೂಣು ಅಂತ.'

ನಗುತ್ತ ಆಡಿದ ಮಾತುಗಳೇ. ಆದರೆ ನಗು ಮುಗಿದ ಮೇಲೆ ಎಲ್ಲರೂ ಒಂದು ಗಳಿಗೆ ಮೇಲೆ ನೋಡುತ್ತಿದ್ದರು.

ಆ ಗಡುವಿನ ಹಿಂದಿನ ದಿನ ಅಕ್ಕೋರು ಸಾಲಿಯ ಅಂಗಳದಲ್ಲಿ ಒಂದು ತಾಮ್ರದ ಕೊಡ ಇಟ್ಟರು. 'ಇದು ಭೂಮಿ.' ಅದರಿಂದ ಮೂವತ್ತು ಕೊಡ ಸಾಲಾಗಿ ಇಟ್ಟರೆ ಎಷ್ಟು ದೂರವೋ ಅಷ್ಟು ಅಳೆದು, ಬೇವಿನ ಗಿಡದ ಬುಡದಲ್ಲಿ ಬೆಳವಲಕಾಯಿ ಇಡಿಸಿದರು. 'ಅದು ಚಂದ್ರ.' ಆಮೇಲೆ ಒಬ್ಬ ಹುಡುಗನನ್ನು ಬೆಳವಲಕಾಯಿಗಿಂತ ಆಚೆ, ಗೋಡೆಯ ಹತ್ತಿರ ನಿಲ್ಲಿಸಿ ಅವನ ಅಂಗೈಗೆ ಚೂರು ಸುಣ್ಣದ ಪುಡಿ ಹಾಕಿದರು. 'ಊದು. ಇದರಾಗ ಕಣ್ಣಿಗಿ ಕಾಣದಂಥಾದ್ದು ಒಂದು ಕಣ ಇರ್ತದಲ್ಲಾ, ಅದು ನಿಮ್ಮ ಕಲ್ಲು. ಕೊಡಕ್ಕ ಬಡೀತೇನು ನೋಡ್ರಿ.'

ಹುಡುಗರು ಕೇಕೆ ಹಾಕಿದರು. ನನ್ನ ಅಣ್ಣನ ಮಗಳು ಮನೆಗೆ ಬಂದು ಕುಣಿಯುತ್ತ ಇದನ್ನೆಲ್ಲ ಹೇಳಿದಳು. ಅಣ್ಣ ಜೋಳದ ರೊಟ್ಟಿ ಮುರಿಯುತ್ತ, 'ಸಾಲ್ಯಾಗ ಕೊಡ ಇಡೂದು ಬ್ಯಾರೆ, ಆಸಮಾನದಾಗಿನ ಮಾತು ಬ್ಯಾರೆ' ಎಂದ. ನಮ್ಮಪ್ಪ ತೀರಿಕೊಂಡ ಮೇಲೆ ಮನೆಯ ಭಾರ ಅವನ ತಲೆಯ ಮೇಲಿತ್ತು. ಎಲ್ಲರನ್ನೂ ಉಳಿಸಿಕೊಳ್ಳಬೇಕೆಂಬ ಹಟ ಅವನದು. ಅದರಲ್ಲಿ ತಪ್ಪೇನಿತ್ತು?

ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿಡುವ ಕುಣಿ. ಆಳು ಇಳಿಯುವಷ್ಟು ಸಣ್ಣ ಬಾಯಿ, ಒಳಗೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ನಮ್ಮದು ಮನೆ ಮುಂದೆಯೇ ಇತ್ತು. ಸುಗ್ಗಿ ಇನ್ನೂ ಬಂದಿರದ ಕಾರಣ ಬರಿದಾಗಿತ್ತು, ತಳದಲ್ಲಿ ಮಾತ್ರ ಹಳೆಯ ಹೊಟ್ಟು. ಮುಚ್ಚಿಟ್ಟ ಹಗೇವಿನ ಗಾಳಿ ಮನುಷ್ಯರನ್ನು ಕೊಲ್ಲುತ್ತದೆಂದು ನಮ್ಮ ಕಡೆಯ ಕೂಸಿಗೂ ಗೊತ್ತು. ಅಣ್ಣನಿಗೂ ಗೊತ್ತಿತ್ತು. ಅದಕ್ಕೇ ಒಂದು ದಿನ ಮೊದಲೇ ಬಾಯಿ ತೆರೆದಿಟ್ಟ, ಕಂದೀಲು ಹಚ್ಚಿ ಹಗ್ಗದಿಂದ ಇಳಿಬಿಟ್ಟ. ದೀಪ ಆರಲಿಲ್ಲ. 'ಬರೋಬ್ಬರಿ ಅದ' ಎಂದ. ಅಷ್ಟರ ಮಟ್ಟಿಗೆ ಅವನು ಮಾಡಿದ್ದೆಲ್ಲ ಸರಿಯೇ.

ಮರುದಿನ ಅಣ್ಣನ ಹೆಂಡತಿ, ನಮ್ಮ ವೈನಿ, ಅವಳ ಮಗಳು, ನಾಲ್ಕು ವರ್ಷದ ಮಗ, ಪಕ್ಕದ ಮನೆಯ ಬಸುರಿ ಹೆಂಗಸು ಒಬ್ಬೊಬ್ಬರೇ ಇಳಿದರು. ಮಕ್ಕಳು ಅಳುತ್ತಿದ್ದುದರಿಂದ ಅವ್ವ ನನ್ನನ್ನೂ ಕಳಿಸಿದಳು. ತಾನು ಮಾತ್ರ ಇಳಿಯಲಿಲ್ಲ. 'ನನ್ನ ಮೊಣಕಾಲು ಇಳಿಯಾಕ ಒಲ್ಲೆ ಅಂತಾವ. ನಾ ಇಲ್ಲೇ ಕುಂತು ಆ ಕಲ್ಲು ಎಂಥಾದ್ದು ಅಂತ ನೋಡ್ತೇನಿ.' ಅಣ್ಣ ಚಪ್ಪಡಿ ಎಳೆದ. ಎಳೆದ ಮೇಲೆ ಅವನ ಕೈಗಳು, ಪ್ರತಿ ವರ್ಷ ಜೋಳ ತುಂಬಿದ ಮೇಲೆ ಮಾಡುತ್ತಿದ್ದುದನ್ನೇ ಮಾಡಿದವು. ಹಸಿಮಣ್ಣು ಕಲೆಸಿ, ಚಪ್ಪಡಿಯ ಸುತ್ತ ಒಂದೆಳೆ ಸಂದೂ ಬಿಡದಂತೆ ಮೆತ್ತಿ, ಮೇಲೆ ಗೋಣಿಚೀಲ ಹಾಸಿದ. ಮಳೆಹನಿ ಹೋಗಬಾರದು, ಇರುವೆ ಹೋಗಬಾರದು. ಹಗೇವು ಮುಚ್ಚುವುದೆಂದರೆ ನಮ್ಮವರಿಗೆ ಅದೇ. ಒಳಗೆ ಈ ಸಲ ಜೋಳವಿಲ್ಲ ಎಂಬುದು ಕೈಗೆ ನೆನಪಾಗಲಿಲ್ಲ.

ಒಳಗೆ ಮೊದಲು ಎಲ್ಲವೂ ಆಟದಂತಿತ್ತು. ವೈನಿ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ಹಂಚಿದಳು. ಕೂತಲ್ಲಿ ಹೊಟ್ಟು ಕದಲಿ ಹುಳಿವಾಸನೆ ಎದ್ದಿತು. ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಆಕಳಿಕೆ. ತಲೆಯೊಳಗೆ ಯಾರೋ ಕುಟ್ಟಿದ ಹಾಗೆ. ಅಳುತ್ತಿದ್ದ ಹುಡುಗ ಸುಮ್ಮನಾದ. 'ಮಲಗ್ತು ಕೂಸು' ಎಂದಳು ವೈನಿ, ಸಮಾಧಾನದಿಂದ. ಆಗ ಕಂದೀಲಿನ ಉರಿ ನೀಲಿಯಾಗಿ, ಸಣ್ಣಗಾಗಿ, ಆರಿಹೋಯಿತು. ನಾನು ಕೂಗಿದೆ. ಮೇಲೆ ಮಣ್ಣು, ಚಪ್ಪಡಿ, ಅದರ ಮೇಲೆ ಗೋಣಿಚೀಲದ ಪದರ. ನನ್ನ ದನಿ ನನ್ನ ಮುಖಕ್ಕೇ ಬಂದು ಬಡಿಯುತ್ತಿತ್ತು. ಈಗಲೂ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಜಾಗಕ್ಕೇ: ಉರಿ ನೀಲಿಯಾಗುವುದು, ಹುಡುಗನ ಕೈ ನನ್ನ ಮಡಿಲಿಂದ ಜಾರುವುದು.

ಮೇಲೆ ನಡೆದದ್ದನ್ನು ಅವ್ವ ಹೇಳಿದ್ದಾಳೆ. ಬದುಕಿದ್ದಷ್ಟು ದಿನವೂ ಬಂದವರಿಗೆಲ್ಲ ಹೇಳಿದಳು.

ಅಂದು ಸಾಲಿಗೆ ಒಂದು ಮಗುವೂ ಬಂದಿರಲಿಲ್ಲ. ಖಾಲಿ ಖೋಲಿಯಲ್ಲಿ ಕೂತು ಬೇಸತ್ತು ಅಕ್ಕೋರು ಕೊಡೆ ಹಿಡಿದು ಮನೆ ಮನೆ ಹುಡುಕಿಕೊಂಡು ಹೊರಟರು. ನಮ್ಮ ಮನೆಯ ಮುಂದೆ ಬಂದು, 'ಹುಡುಗ್ರು ಎಲ್ಲ್ಯಾರ್ರಿ?' ಎಂದು ಕೇಳಿದರು. ಅವ್ವ ಹಗೇವಿನ ಕಡೆ ಕೈ ತೋರಿಸಿದಳು. ಅಕ್ಕೋರು ಗೋಣಿಚೀಲದ ಅಂಚಿಗೆ ಕಾಣುತ್ತಿದ್ದ ಹಸಿಮಣ್ಣನ್ನು ನೋಡಿದರು.

'ಎಷ್ಟು ಮಂದಿ?'

'ಐದು ಮಂದಿರಿ.'

'ಎಷ್ಟೊತ್ತಾತು?'

ಅವ್ವ ಉತ್ತರ ಹೇಳಿ ಮುಗಿಸುವ ಮೊದಲೇ ಅವರು ಗೋಣಿಚೀಲ ಎಳೆದು ಬಿಸಾಡಿ, ನೆಲಕ್ಕೆ ಕೂತು ಎರಡೂ ಕೈಯಿಂದ ಮಣ್ಣು ಕೀಳತೊಡಗಿದ್ದರು. ಅಣ್ಣ ಓಡಿ ಬಂದ.

'ಅಕ್ಕೋರ, ಬಿಡ್ರಿ! ಇನ್ನ ಜರಾ ಹೊತ್ತು ಅದ. ಮೂರು ದಾಟ್ಲಿ, ನಾನಽ ತೆಗೀತೇನಿ.'

'ಸರಿ ಹಿಂದ.'

'ಕಲ್ಲು ಬಿದ್ರ ಜವಾಬ್ದಾರ ನೀವಾಗ್ತೀರೇನ್ರಿ?' ಅವನು ಅವರ ತೋಳಿಗೆ ಕೈ ಚಾಚಿದ.

'ಮುಟ್ಟು ನೋಡೂಣು. ನಿನ್ನ ಕಿವಿ ಹಿಂಡಿ ಅ ಆ ತಿದ್ದಿಸಿದಾಕಿ ನಾನು. ಮೂರಕ್ಕ ಕಲ್ಲು ಬೀಳ್ತದ ಅಂತ ಹೇಳಿದವ್ನು ಯಾವನೋ ಬಸ್ಸಿನಾಗಿನವ. ಮುಚ್ಚಿದ ಹಗೇವಿನಾಗ ಉಸಿರು ಕಟ್ತದ ಅಂತ ಹೇಳಿದವ ನಿಮ್ಮಪ್ಪ. ಯಾರ ಮಾತು ಕೇಳ್ತಿ?'

ಅಣ್ಣನ ಮುಖ ಬಿಳಿಚಿಕೊಂಡಿತು ಎನ್ನುತ್ತಿದ್ದಳು ಅವ್ವ. ಆಮೇಲೆ ಅವನೂ ಮಣ್ಣಿಗೆ ಕೈ ಹಾಕಿದ. ಇಬ್ಬರೂ ಸೇರಿ ಚಪ್ಪಡಿ ಸರಿಸಿದರು. ಅವನು ಹಾಗೇ ಒಳಗೆ ಧುಮುಕಲು ಹೋದಾಗ ಅಕ್ಕೋರು ಅವನ ಅಂಗಿಯ ಕಾಲರು ಹಿಡಿದು ಹಿಂದಕ್ಕೆಳೆದರು. 'ನೀನೂ ಬಿದ್ರ ಎಳಿಯೋರು ಯಾರಲೇ? ಹಗ್ಗಾ ತಾ!'

ನಾನು ಕೆಳಗಿಂದ ಕಂಡದ್ದು ಇದು: ಬೆಳಕಿನ ಆ ದುಂಡು ಬಾಯಿಯಿಂದ ಕರಿ ಕೊಡೆಯೊಂದು ಅರ್ಧ ಬಿಚ್ಚಿಕೊಂಡು ಹಗ್ಗದ ತುದಿಯಲ್ಲಿ ಇಳಿಯಿತು. ಇಳಿಯಿತು, ಏರಿತು, ಮತ್ತೆ ಇಳಿಯಿತು. ಕಮ್ಮಾರನ ತಿದಿಯ ಹಾಗೆ. ಒಂದೊಂದು ಸಲ ಇಳಿದಾಗಲೂ ತಂಪು ಗಾಳಿ ನನ್ನ ಕೆನ್ನೆಗೆ ತಾಗುತ್ತಿತ್ತು. ಮೇಲಿನಿಂದ ಅವರ ದನಿ ನನ್ನ ಹೆಸರು ಹಿಡಿದು ಕೂಗುತ್ತಿತ್ತು. 'ಕೇಳಾಕತ್ತೀಯೇನಬೇ? ಎದ್ದು ನಿಂದ್ರು. ತಲಿ ಮ್ಯಾಲ ಇಟಗೋ, ತಳದಾಗ ಗಾಳಿ ಕೆಟ್ಟದ. ಕೂಸಿನ ಬಗಲಾಗ ಹಗ್ಗಾ ಕಟ್ಟು. ಗಂಟು ಎಷ್ಟು ಹಾಕಿದಿ? ಇನ್ನೊಂದು ಹಾಕು.' ಆ ಹೊತ್ತಿನಲ್ಲೂ ಎಷ್ಟು ಎಂದು ಕೇಳಿದರು. ಆ ಪ್ರಶ್ನೆ ಕಿವಿಗೆ ಬಿದ್ದದ್ದೇ ಗಂಟುಗಳನ್ನು ಬೆರಳಿಂದ ತಡವಿ ಎಣಿಸಿದೆ. ಇನ್ನೊಂದು ಗಂಟು ಹಾಕಿದೆ.

ಮೊದಲು ಹುಡುಗ, ಆಮೇಲೆ ಬಸುರಿ, ಹುಡುಗಿ, ವೈನಿ. ಕೊನೆಗೆ ನಾನು. ಕೂಗು ಕೇಳಿ ಓಡಿ ಬಂದಿದ್ದ ಊರ ಮಂದಿ ನನ್ನನ್ನು ಮೇಲೆಳೆದಾಗ ಹುಡುಗ ಅಕ್ಕೋರ ಮಡಿಲಲ್ಲಿ ಒದ್ದೆ ಬಟ್ಟೆಯಂತೆ ಬಿದ್ದಿದ್ದ. ಅವರು ಅವನ ಬಾಯಿಗೆ ಬಾಯಿಟ್ಟು ಊದುತ್ತಿದ್ದರು, ನಿಲ್ಲಿಸಿ ಅವನ ಎದೆ ನೋಡುತ್ತಿದ್ದರು, ಮತ್ತೆ ಊದುತ್ತಿದ್ದರು. ಊರಿನ ಬೀದಿ ನಾಯಿಯೊಂದು ಅವರ ಮೊಣಕಾಲಿನ ಪಕ್ಕದಲ್ಲೇ ನಿಂತು ಮೂಸುತ್ತಿತ್ತು. ಅವರು ಅದರ ಕಡೆ ನೋಡಲೂ ಇಲ್ಲ. ಅಣ್ಣ ನೆಲಕ್ಕೆ ತಲೆ ಹಚ್ಚಿ ಕೂತಿದ್ದ.

ಹುಡುಗ ಕೆಮ್ಮಿದ. ಆಮೇಲೆ ಅತ್ತ. ಅಷ್ಟು ಜೋರಾಗಿ ಮಗು ಅತ್ತದ್ದಕ್ಕೆ ಊರಿಗೆ ಊರೇ ನಕ್ಕದ್ದನ್ನು ನಾನು ಮತ್ತೆಂದೂ ಕಂಡಿಲ್ಲ.

ಎಷ್ಟೋ ಹೊತ್ತಿನ ಮೇಲೆ ಅಕ್ಕೋರು ಕೈ ತಿರುಗಿಸಿ ವಾಚು ನೋಡಿದರು. 'ಮೂರು ಹೊಡದು ಹತ್ತು ಮಿನಿಟಾತು' ಎಂದರು. 'ಹೋತು ನಿಮ್ಮ ಕಲ್ಲು. ಯಾರರೆ ನೋಡಿದ್ರೇನು?'

ಯಾರೂ ನೋಡಿರಲಿಲ್ಲ. ಮೇಲೆ ನೋಡುವುದು ಅವ್ವನಿಗೂ ಮರೆತುಹೋಗಿತ್ತು. ಕಾಲಡಿಯ ಗುಂಡಿಯ ಬಾಯಲ್ಲಿ ಊರೆಲ್ಲ ಬಗ್ಗಿ ನಿಂತಿದ್ದಾಗ ಆಕಾಶದ ಆ ಗಳಿಗೆ ಸದ್ದಿಲ್ಲದೆ ದಾಟಿಹೋಗಿತ್ತು.

ಅಣ್ಣ ಕಣ್ಣೊರೆಸಿಕೊಂಡು ಕೇಳಿದ: 'ಅಕ್ಕೋರ, ಮುಂದ ಎಂದಾದ್ರೂ ಖರೇನ ಬಂದ್ರ?'

ಬೇರೆಯವರಾಗಿದ್ದರೆ ಬರುವುದೇ ಇಲ್ಲ ಎಂದು ಸಮಾಧಾನ ಹೇಳುತ್ತಿದ್ದರು. ಅಕ್ಕೋರು ಹಾಗೆ ಹೇಳಲಿಲ್ಲ. 'ಬರಬಹುದಪಾ. ಸುಳ್ಳು ಯಾಕ ಹೇಳ್ಲಿ? ಹಿಂದೂ ಬಿದ್ದಾವ. ಅದನ್ನಽ ನೋಡಕೋತ ದೂರಬೀನು ಹಚ್ಚಿ ಕುಂತವ್ರು ಅದಾರ, ಫಿಕೀರ ಅವ್ರು ಮಾಡ್ಲಿ. ಅವ್ರು ಹತ್ತಿರ ಅಂದ್ರ ನೀ ಎಷ್ಟು ಹತ್ತಿರ ಅಂತ ಕೇಳು. ಹೆದರಬ್ಯಾಡ ಅನ್ನಂಗಿಲ್ಲ ನಾ. ಅಳತಿ ಕೇಳಿ ಹೆದರು.'

ಆಮೇಲೆ ತಮ್ಮ ಕೊಡೆ ನೋಡಿಕೊಂಡರು. ಎರಡು ಕಡ್ಡಿ ಮುರಿದಿದ್ದವು. ಮರಾಠಿಯಲ್ಲಿ ಏನೋ ಬೈದು, ಸಂಜೆ ಬಸ್ಸಿಗೆ ತಡವಾಯಿತೆಂದು ಎದ್ದರು. ಆಗ ಆ ನಾಯಿ ಕಣ್ಣಿಗೆ ಬಿತ್ತು. 'ಅಗಾಯೀ!' ಎಂದು ಕೂಗಿ ನಮ್ಮ ಕಟ್ಟೆ ಹತ್ತಿ ನಿಂತರು. ಅಣ್ಣನೇ ನಾಯಿ ಓಡಿಸಿ, ಬಸ್ಸಿನವರೆಗೂ ಅವರ ಜೊತೆ ನಡೆದು ಹೋದ.

ಅಂದಿನಿಂದ ನನಗೆ ನಿದ್ದೆ ಸರಿಯಿರಲಿಲ್ಲ. ಹಾಸ್ಟೆಲಿನಲ್ಲಿ ಕಿಟಕಿ ಮುಚ್ಚಿದರೆ ಎದ್ದು ಕೂರುತ್ತಿದ್ದೆ. ಜೇವರ್ಗಿಯಲ್ಲಿ ನಾನೂ ಅಕ್ಕೋರಾಗಿ ನೌಕರಿಗೆ ಸೇರಿದ ಮೇಲೂ, ಮದುವೆಯಾದ ಮೇಲೂ, ಬಾಗಿಲು ಅರೆತೆರೆದೇ ಮಲಗುತ್ತಿದ್ದೆ. ಒಂದು ಸಲ ಅವರಿಗೆ ಇದನ್ನು ಹೇಳಿದಾಗ, 'ಮೊದಲ ಎಷ್ಟು ಸಲ ಎಚ್ಚರಾಗ್ತಿತ್ತು, ಈಗ ಎಷ್ಟು?' ಎಂದು ಕೇಳಿದರು. ಈಗ ಕಡಿಮೆ ಎಂದೆ. 'ಹಾಂ. ಮತ್ತ?' ಎಂದು ಚಹಾ ಸೋಸಲು ಎದ್ದರು.

ತೊಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಅವರು ಆಳಂದದಲ್ಲಿ ತೀರಿಕೊಂಡರು. ನಮ್ಮೂರಿನಿಂದ ಎರಡು ಟ್ರ್ಯಾಕ್ಟರ್ ತುಂಬ ಜನ ಹೋದರು. ನಮ್ಮ ಪದ್ಧತಿಯಂತೆ ಅವರನ್ನು ಕೂಡಿಸಿ ಮಣ್ಣು ಕೊಡಲು ಕುಣಿ ತೋಡಿದ್ದರು. ಕೆಳಗೆ ಇಳಿದು ದೇಹವನ್ನು ಇಳಿಸಿಕೊಂಡು ಕೂಡಿಸಲು ಒಬ್ಬರು ಬೇಕಿತ್ತು. ಅವರಿಗೆ ಮಕ್ಕಳಿರಲಿಲ್ಲ. 'ನಾ ಇಳೀತೇನಿ' ಎಂದು ಅಂಗಿ ತೆಗೆದವನು ನಮ್ಮಣ್ಣನ ಮಗ. ಮೀಸೆ ಚಿಗುರಿದ, ಎದೆ ತುಂಬಿದ ಹುಡುಗ.

ಅವನ ತಲೆ ನೆಲಮಟ್ಟಕ್ಕಿಂತ ಕೆಳಗೆ ಹೋದದ್ದೇ ನಾನು ಎದ್ದೆ. ಕುಣಿಯ ಅಂಚಿಗೆ ಹೋಗಿ ಬಗ್ಗಿ, 'ಲಗೂ ಮ್ಯಾಲ ಬಾರೋ' ಎಂದು ಕೂಗಿಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ಅವನು ಅಕ್ಕೋರನ್ನು ಎರಡು ಕೈಗಳಲ್ಲಿ ಹಿಡಿದವನು ತಲೆಯೆತ್ತಿ ನನ್ನನ್ನು ನೋಡಿದ. 'ಕುಣಿ ಬಾಯಿ ತೆರದದ, ಅತ್ತಿ' ಎಂದ, ಮೆಲ್ಲಗೆ. 'ಗಾಳಿ ಬರಾಕತ್ತದ.'

ಅವರನ್ನು ಜೋಪಾನವಾಗಿ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಅವನು ಮೇಲೆ ಬಂದ. ಮೊದಲ ಹಿಡಿ ಮಣ್ಣು ಹಾಕಿದವನು ಅಣ್ಣ.

ಅಂದು ರಾತ್ರಿ ಅಣ್ಣನ ಮನೆಯಲ್ಲಿ ಉಳಿದೆ. ಬಿಸಿಗಾಳಿ ನುಗ್ಗುತ್ತದೆಂದು ವೈನಿ ಬಾಗಿಲು ಹಾಕಿ ಚಿಲಕ ಜಡಿದಿದ್ದಳಂತೆ. ಅದು ನನಗೆ ತಿಳಿದದ್ದು ಬೆಳಿಗ್ಗೆ, ಬೆಳಕಿಂಡಿಯ ಬಿಸಿಲು ಮುಖಕ್ಕೆ ಬಿದ್ದು ಎದ್ದಾಗ.