ಆಂಥೂರಿಯಂ ಕುಂಡಕ್ಕೆ ಸುರಿದ ಗಂಜಿ

ಯಲ್ಲವ್ವಾ, ಕುಂಡಗಳಲ್ಲಿ ನುಸಿ ಎಬ್ಬಿಸಿದವಳು ನಾನು. ನೀನಲ್ಲ. ನಿನಗೆ ಅದು ಗೊತ್ತಿತ್ತು — ಆದರೂ ನನ್ನ ಬಾಯಿಂದಲೇ ಬರಬೇಕಿದ್ದ ಮಾತು, ಬರಲಿಲ್ಲ.

ಎರಡು ಸಾವಿರದ ಏಳರಲ್ಲಿ ನಾವು ಮಣಿಪಾಲದ ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ಬಾಗಲಕೋಟೆಯ ಕಡೆಯಿಂದ ಗಂಡನ ಗಾರೆ ಕೆಲಸದ ಜೊತೆಗೆ ಬಂದಿದ್ದ ನೀನು ಬೆಳಿಗ್ಗೆ ನಮ್ಮಲ್ಲಿ ಪಾತ್ರೆ ತೊಳೆದು ನೆಲ ಒರೆಸುತ್ತಿದ್ದೆ. ನನ್ನ ಮಗಳು ಹುಟ್ಟಿ ಇಪ್ಪತ್ತು ದಿನ. ನನಗೆ ತಾಯಿ ಇಲ್ಲದ್ದರಿಂದ ಬಾಣಂತನಕ್ಕೆ ಅತ್ತೆಯೇ ಕೆಮ್ಮಣ್ಣು ಊರಿನಿಂದ ಬಂದಿದ್ದರು, ತಮ್ಮ ಆಂಥೂರಿಯಂ ಹೂಗಿಡದ ಕುಂಡಗಳನ್ನೂ ರಿಕ್ಷಾದಲ್ಲಿ ಹೇರಿಕೊಂಡು. ಅವಕ್ಕೆ ನೀರು ಹಾಕುವುದು ನಿನ್ನ ಕೆಲಸವಾಗಿರಲಿಲ್ಲ. ಆದರೂ ನೀನೇ ಇಷ್ಟಪಟ್ಟು ಹಾಕುತ್ತಿದ್ದೆ. ಮಗುವಿನ ಮುಖ ಒರೆಸಿದ ಹಾಗೆ ಎಲೆ ಒರೆಸುತ್ತಿದ್ದೆ.

ಎದೆಹಾಲು ಹೆಚ್ಚಲೆಂದು ಅತ್ತೆ ದಿನಾ ತೆಂಗಿನಹಾಲು, ಬೆಲ್ಲ ಹಾಕಿ ಒಂದು ದೊಡ್ಡ ಲೋಟ ಮೆಂತೆ ಗಂಜಿ ಕೊಡುತ್ತಿದ್ದರು. ನನಗೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವರು ಅಷ್ಟು ಪ್ರೀತಿಯಿಂದ, ಕೈಯಾರೆ ಕಾಯಿ ತುರಿದು ಮಾಡಿದ್ದನ್ನು ಬೇಡ ಎನ್ನುವುದು ಹೇಗೆ? ಅವರು ಮಗುವನ್ನು ಮೀಯಿಸಲು ಹೋದಾಗ ಅರ್ಧ ಗಂಜಿಯನ್ನು ಕಿಟಕಿಯ ಪಕ್ಕದ ಕುಂಡಕ್ಕೆ ಸುರಿದು, ಚಮಚದಿಂದ ಮಣ್ಣು ಕೆದಕಿ ಮುಚ್ಚುತ್ತಿದ್ದೆ.

ಹತ್ತು ದಿನಕ್ಕೆ ನುಸಿ ಎದ್ದಿತು. ಸಾಸಿವೆಗಿಂತ ಸಣ್ಣ, ಕಪ್ಪು ನುಸಿ. ಚಹಾದಲ್ಲಿ, ಅನ್ನದಲ್ಲಿ, ಎಲ್ಲೆಲ್ಲೂ. ಅತ್ತೆ ಬೇವಿನ ಹಿಂಡಿ ಹಾಕಿದರು, ಧೂಪದ ಹೊಗೆ ಹಾಕಿದರು. ಹೋಗಲಿಲ್ಲ. ಒಂದು ಬೆಳಿಗ್ಗೆ ಮಗುವಿನ ರೆಪ್ಪೆಯ ಮೇಲೆ ನಾಲ್ಕೈದು ಕುಳಿತಿದ್ದವು. ಅತ್ತೆ ನಿನ್ನನ್ನು ಕರೆದರು.

"ನೀರು ಹೆಚ್ಚಾಗಿ ಮಣ್ಣು ಕೊಳೆತದ್ದು ಇದು. ಮಗುವಿನ ಕಣ್ಣಿಗೆ ಎಂತಾದರೂ ಆದರೆ? ಇನ್ನು ನೀನು ಗಿಡ ಮುಟ್ಟುವುದು ಬೇಡ."

ನೀನು ಕುಂಡದ ಬಳಿ ಕುಕ್ಕರಗಾಲಲ್ಲಿ ಕೂತು ಒಂದು ಚಿಟಿಕೆ ಮಣ್ಣು ತೆಗೆದು ಮೂಸಿದೆ. ಮೆಂತೆಯ ವಾಸನೆ ಅಡಗುವುದುಂಟೆ? ತಲೆಯೆತ್ತಿ ನನ್ನನ್ನು ನೋಡಿದೆ. ನಾನು — ಮಗುವಿನ ಹೊದಿಕೆ ಸರಿಮಾಡಲು ಬಗ್ಗಿದೆ.

"ತಪ್ಪು ನಂದೈತ್ರಿ ಅಮ್ಮಾರ. ನೀರು ಭಾಳ ಹಾಕೀನಿ," ಎಂದೆ ನೀನು.

ಅದೇ ದಿನ ನೀನು, ಇದೊಂದು ಸಲ ಮುಟ್ಟುತ್ತೇನೆ ಎಂದು ಅತ್ತೆಯನ್ನು ಕೇಳಿಕೊಂಡು, ಕುಂಡಗಳನ್ನು ಬಾಲ್ಕನಿಗೆ ಸಾಗಿಸಿದೆ. ಎರಡು ಬೆರಳಿನಷ್ಟು ಮೇಲ್ಮಣ್ಣು ಕೆರೆದು, ಒಣ ಮರಳು ಹರಡಿದೆ; ಪೂರಾ ಒಣಗುವ ತನಕ ನೀರು ಬೇಡ ಎಂದೆ. ಕೆರೆದ ಮಣ್ಣನ್ನು ಚೀಲದಲ್ಲಿ ಕಟ್ಟಿ ನೀನೇ ಒಯ್ದೆ — ಅತ್ತೆ ಮೂಸಿಬಿಟ್ಟಾರೆಂದು. ಹದಿನೈದು ದಿನದಲ್ಲಿ ಒಂದು ನುಸಿಯೂ ಉಳಿಯಲಿಲ್ಲ.

ಮಣ್ಣು ಕೆರೆದ ಆ ದಿನ ಮನೆಗೆ ಹೋಗುವ ಮುಂಚೆ ನೀನು ನನ್ನ ಕೋಣೆಗೆ ಬಂದು ಮೆಲ್ಲಗೆ ಹೇಳಿದೆ: "ಗಂಜಿ ಸೇರದಿದ್ರ ನನಗ ಕೊಡ್ರೆಕ್ಕಾ. ನನ್ನ ಕೂಸೂ ಇನ್ನಾ ಹಾಲು ಕುಡೀತೈತಿ."

ನಿನಗೊಂದು ಹಾಲುಗೂಸು ಇದೆಯೆಂಬುದೇ ನನಗೆ ತಿಳಿದಿರಲಿಲ್ಲ. ಅದನ್ನು ಯಾರ ಬಳಿ ಬಿಟ್ಟು ಬರುತ್ತೀ ಎಂದು ಕೇಳಿಯೇ ಇರಲಿಲ್ಲ.

ಮರುದಿನದಿಂದ ಗಂಜಿಯಲ್ಲಿ ಅರ್ಧ ನಿನಗೆ. ಅಡುಗೆಮನೆಯ ಬಾಗಿಲ ಹಿಂದೆ ಗಟಗಟ ಕುಡಿದು, ತುಟಿ ಒರೆಸಿಕೊಂಡು ನಗುತ್ತಿದ್ದೆ, ನನಗೂ ನಗು. ಆ ಮನೆಯಲ್ಲಿ ನನಗಿದ್ದ ಗೆಳತಿ ನೀನೊಬ್ಬಳೇ. ಆದರೂ ನೆಲ ಒರೆಸುವಾಗ ಕುಂಡ ಬಂದರೆ ನಿನ್ನ ಕೈ ಹಿಂದೆ ಸರಿಯುತ್ತಿತ್ತು. ನಾನು ದಿನಾ ನೋಡಿದೆ. ಒಂದು ಮಾತು ಸಾಕಿತ್ತು…

ಎರಡು ತಿಂಗಳಿಗೆ ನಿನ್ನ ಗಂಡನ ಕೆಲಸ ನಂದಿಕೂರಿನ ಕಡೆಗೆ ಹೋಯಿತು. ಅತ್ತೆ ನಿನಗೊಂದು ಸೀರೆ ಕೊಟ್ಟು, "ಒಳ್ಳೆಯ ಹುಡುಗಿ. ಗಿಡದ ವಿಷಯದಲ್ಲಿ ಮಾತ್ರ ಜಾಗ್ರತೆ ಸಾಲದು, ಅಲ್ವಾ?" ಎಂದು ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ. ನಿನ್ನೆದುರಿಗೇ. ಗಂಜಿ ಚೆಲ್ಲಿದ್ದಕ್ಕಿಂತ, ಅಂದು ಸುಮ್ಮನಿದ್ದದ್ದಕ್ಕಿಂತ, ಹಾಗೆ ತಲೆಯಾಡಿಸಿದ್ದು ನನ್ನನ್ನು ಹೆಚ್ಚು ಸುಡುತ್ತದೆ.

ಇಷ್ಟು ವರ್ಷಗಳ ಮೇಲೆ ಮೊನ್ನೆ ಅತ್ತೆಗೆ ಎಲ್ಲ ಹೇಳಿದೆ. "ಸೇರದಿದ್ದರೆ ಹೇಳಬಾರದಿತ್ತಾ ಮಾರಾಯ್ತಿ, ನಾನೆಂತ ಹುಲಿಯಾ?" ಎಂದು ನಕ್ಕರು. ನಗು ಅಲ್ಲಿಗೇ ನಿಂತಿತು. "ಆ ಹುಡುಗಿಗೆ ನಾನು ಬೈದೆನಲ್ಲ…"

ನನ್ನ ತಪ್ಪಿಗೆ ಈ ವಯಸ್ಸಿನಲ್ಲಿ ಅವರು ನಾಚಿದರು.

ಬರುವ ಭಾನುವಾರ ನಾವಿಬ್ಬರೂ ನಂದಿಕೂರಿಗೆ ಹೋಗುತ್ತೇವೆ. ನೀನು ಈಗ ಅಲ್ಲಿ ಇಲ್ಲದಿರಬಹುದು, ಇದ್ದವರನ್ನು ಕೇಳುತ್ತೇವೆ. ಸಿಕ್ಕಿದರೆ, ಅತ್ತೆ ಬಾಯಿ ತೆರೆಯುವ ಮೊದಲು ನಾನು ಮಾತನಾಡಬೇಕು — ಅವರೆದುರಿಗೇ, ನಿನ್ನ ಮುಖ ನೋಡಿಕೊಂಡು.