ಎದೆಯ ಮೇಲಿರದ ಯಂತ್ರ

ಎದೆಬಡಿತ ಆಗಾಗ ತಪ್ಪುತ್ತಿತ್ತು. ರಾಣೆಬೆನ್ನೂರಿನ ಡಾಕ್ಟರು ಬಡಿತ ದಾಖಲಿಸುವ ಪುಟ್ಟ ಯಂತ್ರವೊಂದನ್ನು ಎದೆಗೆ ಅಂಟಿಸಿ, ವಾರವಿಡೀ ತೆಗೆಯಬೇಡಿ ಎಂದರು. ನನ್ನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಘಾಟಿನ ಧೂಳಿಗೆ ಯಂತ್ರ ಕೆಟ್ಟೀತೆಂದು, ಮಾರುಕಟ್ಟೆಗೆ ಹೋಗುವಾಗಲೆಲ್ಲ ಬಿಚ್ಚಿ ಗಲ್ಲಾಪೆಟ್ಟಿಗೆಯಲ್ಲಿ ಜೋಪಾನವಾಗಿಡುತ್ತಿದ್ದೆ.

ಮರಳಿಸಿದಾಗ ಆಸ್ಪತ್ರೆಯ ಬಿಲ್ ಕೌಂಟರಿನ ಶಬಾನಾ ಕಂಪ್ಯೂಟರ್ ನೋಡಿ, "ವಿಮಾ ಕಂಪನಿಗೆ ವಾರಪೂರ್ತಿ ತಪಾಸಣೆ ಅಂತ ಕೋಡ್ ಹಾಕಾಕ ಬರಂಗಿಲ್ರಿ ಅಕ್ಕಾರ. ಅರ್ಧಾನೂ ರೆಕಾರ್ಡ್ ಆಗಿಲ್ಲ" ಎಂದಳು.

"ವಾರಪೂರ್ತಿ ನನ್ನ ಕಡೀನ ಇತ್ತು. ಹಾಕವಾ, ಯಾರು ಬಂದು ನೋಡ್ತಾರ?"

"ನಿಮ್ಮ ಕಡೆ ಇತ್ರಿ, ಎದಿ ಮ್ಯಾಲ ಇರಲಿಲ್ಲ. ನಾ ಸುಳ್ಳು ಕೋಡ್ ಹಾಕಿದ್ರ, ವಾರಪೂರ್ತಿ ನೋಡೇವಿ, ಏನೂ ತೊಂದ್ರಿಲ್ಲ ಅಂದಂಗ ಆಕ್ಕೈತಿ. ಎದಿ ಯಾವಾಗ ಹಾರತೈತ್ರಿ?"

"ಮಾರ್ಕೆಟ್ಟಿನ್ಯಾಗ ಟೆಂಡರ್ ರೇಟ್ ಬರೋ ಹೊತ್ತಿಗೆ" ಎನ್ನುವಷ್ಟರಲ್ಲಿ ನನ್ನ ಜಾಣತನ ನನಗೇ ತಿಳಿಯಿತು.

ನನ್ನೆದುರು ದಲಾಲರೂ ದನಿ ಎತ್ತುವುದಿಲ್ಲ. ಆ ಹುಡುಗಿ ಡಾಕ್ಟರಿಗೆ ಹೇಳಿ ಯಂತ್ರವನ್ನು ಮತ್ತೆ ಹಚ್ಚಿಸಿಯೇ ಕಳಿಸಿದಳು. ಈ ಸಲ ಧೂಳಿನಲ್ಲೂ ಬಿಚ್ಚಲಿಲ್ಲ. ತಪ್ಪಿದ ಬಡಿತ ಸಿಕ್ಕಿತು, ಔಷಧಿ ಶುರುವಾಯಿತು.

ಇಂಥ ಗಟ್ಟಿ ಹುಡುಗಿ ನಮ್ಮ ಅಂಗಡಿಯ ಲೆಕ್ಕಕ್ಕೆ ಬೇಕೆಂದು ಕರೆದೆ. ನಕ್ಕಳು: "ಬ್ಯಾಡ್ರಿ ಅಕ್ಕಾರ. ನಿಮ್ಮ ಕೈಯಾಗ ಕೆಲಸ ಮಾಡಿದ್ರ, ಆ ಯಂತ್ರ ನಾನೂ ಹಚ್ಕೋಬೇಕಾಕ್ಕೈತಿ."