ಗುಡಿಯ ಹಿಂದಿನ ಊಟ

ತೆಲುಗರ ಬಾಯಲ್ಲಿ 'ಊಟ' ಎಂದರೆ ನೆಲದಿಂದ ಜಿನುಗುವ ನೀರಿನ ಸೆಲೆ. ಇದನ್ನು ನಾನೂ ಅಪ್ಪನೂ ಕಲಿತದ್ದು ತಟ್ಟೆ ಹಿಡಿದುಕೊಂಡು ಹೋಗಿ.

ಅವ್ವ ತೀರಿಕೊಂಡ ಮೇಲೆ, ರೈಲ್ವೆಯಲ್ಲಿ ಟಿಕೆಟ್ ಕೊಡುವ ನೌಕರಿಯ ಅಪ್ಪ ನನ್ನನ್ನು ಕರೆದುಕೊಂಡು ಗದಗಿನಿಂದ ತೆಲುಗು ಸೀಮೆಯ ಮಲ್ಕಾಜ್‌ಗಿರಿಗೆ ಬಂದ ಹೊಸತು. ಅಪ್ಪನ ಕೈಯ ಅನ್ನ ಒಂದು ದಿನ ಗಂಜಿ, ಒಂದು ದಿನ ಕಲ್ಲು. ನಲ್ಲಿಯಲ್ಲಿ ನೀರು ಬಾರದ ದಿನ ಪಕ್ಕದ ಮನೆಯಾಕೆ, "ಗುಡಿ ವೆನಕ ಊಟ ಉಂದಿ, ವೆಳ್ಳಂಡಿ" ಎಂದಳು. ಗುಡಿ ತಿಳಿಯಿತು, ಊಟ ತಿಳಿಯಿತು, ಇನ್ನೇನು ಬೇಕು?

"ದಾಸೋಹ ಐತಿ ಅಂತ ಕಾಣಸ್ತೈತಿ, ನಡಿಯವ್ವಾ," ಎಂದು ಅಪ್ಪ ಎರಡು ತಟ್ಟೆ ಚೀಲಕ್ಕೆ ಹಾಕಿದರು.

ಗುಡಿಯ ಹಿಂದೆ ಬಂಡೆಯ ಬುಡದಲ್ಲಿ ಸಣ್ಣ ಹೊಂಡ, ಸುತ್ತ ಜೊಂಡುಹುಲ್ಲು. ಹಸಿವಿಗೆ ನಾನು ಅತ್ತೆ. ಸಮಾಧಾನ ಮಾಡಲು ಅಪ್ಪ ತಟ್ಟೆಯಲ್ಲೇ ನೀರು ಮೊಗೆದು ತೋರಿಸಿದರು. ಅದರಲ್ಲಿ ಹುಳಗಳು ಓಡಾಡುತ್ತಿದ್ದವು. ನಾನು ಅಳು ಮರೆತೆ.

ಅಂದಿನಿಂದ ರಜೆ ಸಿಕ್ಕಾಗಲೆಲ್ಲ ಅದೇ ನಮ್ಮ ಜಾಗ. ಕೆರೆಗಳು ಬೇಸಿಗೆಗೆ ಬಿರುಕುಬಿಟ್ಟರೂ ಇಲ್ಲಿ ನೀರು ತಣ್ಣಗಿರುತ್ತಿತ್ತು. ನೀರ ಮೇಲೆ ಕಾಲೂರಿ ಜಾರುವವು, ಗಿರಗಿರ ತಿರುಗುವವು, ಮರಳಿನ ಕಾಳು ಅಂಟಿಸಿ ಕೊಳವೆಯಂಥ ಮನೆ ಕಟ್ಟಿಕೊಂಡವು, ಕೆಸರಲ್ಲಿ ಹೊಂಚು ಹಾಕುವ ಏರೋಪ್ಲೇನ್ ಚಿಟ್ಟೆಯ ಮರಿಗಳು. ಅಪ್ಪನಿಗೆ ಎಲ್ಲಕ್ಕಿಂತ ಪ್ರೀತಿ, ಬೆನ್ನ ತುಂಬ ತತ್ತಿ ಹೊತ್ತು ಈಜುವ ಕಂದು ಹುಳದ ಮೇಲೆ. "ತಾಯಿ ಅಂದ್ರ ಹಿಂಗಿರಬೇಕು ನೋಡು," ಎನ್ನುತ್ತಿದ್ದರು.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ ತಿಳಿಯಿತು, ಅದು ತಾಯಿಯಲ್ಲ, ತಂದೆ. ಹೆಣ್ಣು ಅವನ ಬೆನ್ನಿಗೆ ತತ್ತಿ ಅಂಟಿಸಿ ಹೋಗಿಬಿಡುತ್ತದೆ. ಅವು ಮರಿಯಾಗುವವರೆಗೆ ಅವನು ರೆಕ್ಕೆ ಬಿಚ್ಚುವಂತಿಲ್ಲ. ಮನೆಗೆ ಬಂದು ಹೇಳಿದೆ. ಇನ್ನೊಂದು ಮದುವೆ ಬೇಡವೆಂದಿದ್ದ, ದೂರದೂರಿಗೆ ಹೋಗಬೇಕಾಗುತ್ತದೆಂದು ಬಡ್ತಿಯನ್ನೂ ಬೇಡವೆಂದಿದ್ದ ಅಪ್ಪ ನನ್ನ ತಟ್ಟೆಗೆ ಅನ್ನ ಬಡಿಸಿದರು.

"ಹಾರಿ ಎಲ್ಲಿಗೆ ಹೋಗಬೇಕಾಗಿತ್ತವ್ವಾ ಅದಕ್ಕ?" ಎಂದರು.



ಹೋದ ಬೇಸಿಗೆಯ ಹೊತ್ತಿಗೆ ಗುಡಿಯ ಸುತ್ತ ಅಪಾರ್ಟ್‌ಮೆಂಟುಗಳೆದ್ದು, ಒಂದೊಂದಕ್ಕೂ ಬೋರ್ ಇಳಿದಿತ್ತು. ನನ್ನ ಕೈ ಹಿಡಿದು ನಡೆದು ಬಂದ ಅಪ್ಪನಿಗೆ ಹೂ ಮಾರುವ ಮುದುಕಿ ದೂರದಿಂದಲೇ ಹೇಳಿದಳು: "ಊಟ ಅಯಿಪೋಯಿಂದಿ, ಸಾರ್." 'ಅಯಿಪೋಯಿಂದಿ' ಎಂದರೆ ಮುಗಿದುಹೋಯಿತು; ಸೆಲೆ ಬತ್ತಿತು ಎಂದು. ಈ ಸಲ ನಾವು ತಪ್ಪು ತಿಳಿಯಲಿಲ್ಲ. ಬಂಡೆಯ ಸಂದಿನಲ್ಲಿ ಬೊಗಸೆ ನೀರಿತ್ತು. ರೆಕ್ಕೆ ಬಿಚ್ಚಬಲ್ಲವೆಲ್ಲ ಹಾರಿಹೋಗಿದ್ದವು. ತತ್ತಿ ಹೊತ್ತವನೊಬ್ಬ ಉಳಿದಿದ್ದ.

ಅಪ್ಪ ಆ ನೀರನ್ನೂ ಅವನನ್ನೂ ಟಿಫಿನ್ ಡಬ್ಬಿಯಲ್ಲಿ ಮನೆಗೆ ತಂದರು. ಔಷಧಿ ವಾಸನೆ ಹೋಗಲೆಂದು ನಲ್ಲಿ ನೀರನ್ನು ಬಿಸಿಲಿಗಿಟ್ಟು, ಆರಿಸಿ, ಚಮಚದಲ್ಲಿ ಬೆರೆಸಿದರು. ಊರೆಲ್ಲ ಸೊಳ್ಳೆಗೆ ಹೊಗೆ ಹಾಕುತ್ತಿದ್ದರೆ ಅಪ್ಪ ಅವನ ಮೇವಿಗೆಂದು ಬಾಲ್ಕನಿಯ ಬಕೆಟ್ಟಿನಲ್ಲಿ ಸೊಳ್ಳೆಮರಿ ಸಾಕಿದರು. ಅಕ್ಕಪಕ್ಕದವರ ಬೈಗುಳ ಮಾತ್ರ ನನ್ನ ಪಾಲಿಗೆ.

ಕೊನೆಗೂ ತತ್ತಿ ಒಡೆದವು. ಜೀರಿಗೆಯಷ್ಟು ಸಣ್ಣ ಮರಿಗಳು ಡಬ್ಬಿ ತುಂಬ ಓಡಾಡಿದವು. ಅಪ್ಪ ಚಪ್ಪಾಳೆ ತಟ್ಟಿದರು. ಬೆನ್ನು ಹಗುರಾದವನು ಆ ಸಂಜೆಯೇ ಕಿಟಕಿಯಿಂದ ಹಾರಿಹೋದ.

ಮರುದಿನ ಅಪ್ಪ ಬೆಳಗಿನಿಂದ ಡಬ್ಬಿಯ ಮುಂದೆಯೇ ಕೂತಿದ್ದರು. "ಇವನ್ನ ಎಲ್ಲಿ ಬಿಡೂಣವ್ವಾ?" ಎಂದು ಕೇಳಿದರು. ಮರಿಗಳಿಗೆ ಇನ್ನೂ ರೆಕ್ಕೆ ಬಂದಿರಲಿಲ್ಲ. ಹತ್ತಿರದಲ್ಲಿ ನೊರೆಯೇಳುವ ಕೆರೆ ಬಿಟ್ಟರೆ ಬೇರೆ ನೀರಿಲ್ಲ. ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುವ ನಾನು ಬಕೆಟ್ಟಿನಿಂದ ಇನ್ನಷ್ಟು ಸೊಳ್ಳೆಮರಿ ತಂದು ಹಾಕಿದೆ. ಇಕ್ಕಟ್ಟಿನ ಡಬ್ಬಿಯಲ್ಲಿ ಅವು ಆಗಲೇ ಒಂದನ್ನೊಂದು ಹಿಡಿದು ತಿನ್ನತೊಡಗಿದ್ದವು.

ಮಧ್ಯಾಹ್ನ ತಟ್ಟೆ ಹಾಕಿ, "ಅಪ್ಪಾ, ಊಟ," ಎಂದು ಕರೆದೆ.

ಮನೆಯೊಳಗೆ ಎಂದೂ ತೆಲುಗು ಆಡದ ಅಪ್ಪ ಡಬ್ಬಿಯಿಂದ ಕಣ್ಣೆತ್ತದೆ, "ಅಯಿಪೋಯಿಂದಿ," ಎಂದರು.